ಬಣ್ಣವಿಲ್ಲದ ಕಾಲುವೆ

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂದಿನ ಬೀದಿಯವರು ಕಾಲುವೆ ನೋಡಿಯೇ ಕಾರ್ಖಾನೆಯ ಸುದ್ದಿ ಹೇಳುತ್ತಿದ್ದರು. ನೀರು ಕೆಂಪಗಿದ್ದರೆ ಕಂಬಳಿ, ನೀಲಿಯಿದ್ದರೆ ಶಾಲೆಯ ಸಮವಸ್ತ್ರ. ಬಣ್ಣವೇ ಇಲ್ಲದಿದ್ದರೆ ಕೆಲಸವೇ ಇಲ್ಲ.

ಅಮ್ಮ ಅಲ್ಲಿ ಮೂವತ್ತು ವರ್ಷ ಬಣ್ಣದ ತೊಟ್ಟಿ ಕಲಕಿದವಳು. ಯಂತ್ರಗಳ ಸದ್ದಿಗೆ ಅವಳ ಕಿವಿ ಮಂದವಾಗಿತ್ತು. ಮಗಳು ಈಗ ಅದೇ ಕಾರ್ಖಾನೆಯ ಪರಿಸರ ಅಧಿಕಾರಿ. ಎರಡು ವರ್ಷ ಬೇತಾಳದ ಹಾಗೆ ಮಾಲೀಕರ ಬೆನ್ನು ಹತ್ತಿ, ಕೊಳೆನೀರು ಶುದ್ಧಮಾಡುವ ಘಟಕ ಕಟ್ಟಿಸಿದ್ದಳು. ಸೋಮವಾರ ಅದು ಶುರುವಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಯಾಕೆಂದು, ಅದು ಸರಿಯಾಗಿ ನಡೆಯುವುದು ಖಚಿತವಾಗುವ ತನಕ ಅಮ್ಮನಿಗೆ ಘಟಕದ ಸುದ್ದಿ ಹೇಳಿರಲಿಲ್ಲ.

ಬುಧವಾರ ಸಂಜೆ ಅಮ್ಮ ಬಿಸಿಬಿಸಿ ಊಟ ಬಡಿಸಿ, ಎದುರಿಗೇ ಕುಳಿತಳು.

"ಎಷ್ಟು ದಿನ ಅಂತ ಮುಚ್ಚಿಡ್ತೀಯೆ? ಬೆಳಿಗ್ಗೆ ಊಟದ ಡಬ್ಬಿ ಹಿಡ್ಕೊಂಡು ಎಲ್ಲಿ ಅಲೀತಿದ್ದೀಯ?"

"ಏನಮ್ಮಾ ಹಾಗಂದ್ರೆ?"

"ಮೂರು ದಿನದಿಂದ ಕಾಲುವೇಲಿ ಬಣ್ಣ ಇಲ್ಲ. ಕಾರ್ಖಾನೆ ಮುಚ್ಚಿದ್ದು ನಂಗೆ ಗೊತ್ತಾಗಲ್ವಾ? ಹೋಗ್ಲಿ ಬಿಡು ಮಗಳೇ, ಹುಟ್ಟಿಸಿದ ದೇವರು ಹುಲ್ಲು ಮೇಯಿಸಲ್ಲ."

ಮಗಳಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅಮ್ಮನ ಕೈ ಹಿಡಿದು ಕಾಲುವೆಯ ದಡಕ್ಕೆ ಕರೆದೊಯ್ದು, ಕಿವಿಯ ಹತ್ತಿರ ಕೂಗಿ ಹೇಳಿದಳು: "ಇವತ್ತು ಇಡೀ ದಿನ ಕೆಂಪು ಹಾಕಿದೀವಿ ಅಮ್ಮಾ. ಇದು ಅದೇ ನೀರು!"

ಅಮ್ಮ ನಂಬಲಿಲ್ಲ. ಬಗ್ಗಿ ಕೈ ಅದ್ದಿದಳು. ಹಳೇ ಅಭ್ಯಾಸ, ಬಟ್ಟೆಗೆ ತಾಗದಂತೆ ಕೈಯನ್ನು ದೂರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಮಗಳ ಬಿಳಿ ಅಂಗಿಗೆ ಒರೆಸಿಕೊಂಡಳು.