ಚಟ್ನಿಕಲ್ಲಿನ ಹಕ್ಕಿ

ಭಾಲ್ಕಿಯ ಕಟ್ಟಿ ಓಣಿಯ ಸಣ್ಣ ಮಠದಲ್ಲಿ ದಾಸೋಹದ ಚಟ್ನಿ ಅರೆಯುತ್ತಿದ್ದವಳು ಅನುಸೂಯಾಬಾಯಿ. ಗಂಡ ತೀರಿಕೊಂಡ ಮೇಲೆ ಮಠವೇ ಅವಳ ಮನೆ, ಚಟ್ನಿಯೇ ಅವಳ ಸಂಸಾರ. ನಾಲಿಗೆ ಮಾತ್ರ ಚಟ್ನಿಗಿಂತ ಖಾರ. ಊರವರು ಅವಳಿಗೆ ಹೆದರಿಕೊಂಡೇ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು.

ಅವಳು ಅರೆಯುತ್ತಿದ್ದ ಕಲ್ಲು ತವರೂರು ಸಂತಪುರದ್ದು. ಬಾವಿ ತೋಡುವಾಗ ಎರಡು ಕರಿಬಂಡೆಗಳ ನಡುವೆ ಸಿಕ್ಕ ಬೂದುಬಣ್ಣದ ಚಪ್ಪಡಿ. ಮಗಳಿಗೆ ಬೇರೇನೂ ಕೊಡಲಾಗದ ಅಪ್ಪ ಮದುವೆಯಲ್ಲಿ ಅದನ್ನೇ ಗಾಡಿಗೆ ಹೇರಿಸಿದ್ದ. ಅರೆದೂ ಅರೆದೂ ಕಲ್ಲು ಸವೆದ ಹಾಗೆಲ್ಲ ಅದರೊಳಗಿಂದ ಏನೋ ಮೇಲೆ ಬರತೊಡಗಿತು. ಮೊದಲು ಬರೀ ಒಂದು ಗೆರೆ. ಕೆಲವು ವರ್ಷಕ್ಕೆ ಉಗುರು. ಆಮೇಲೆ ಗರಿ, ಬಾಲ, ಕೊನೆಗೆ ಬಾಯಿ ತೆರೆದ ತಲೆ. ಅದು ಗುಬ್ಬಿಯೋ ಓತಿಕ್ಯಾತವೋ ಅವಳಿಗೆ ತಿಳಿಯಲಿಲ್ಲ, ತಿಳಿಯಬೇಕೆಂಬ ಗರಜೂ ಇರಲಿಲ್ಲ. ಕಲ್ಲು ತೊಳೆಯುವಾಗ, ಇವತ್ತು ಖಾರ ಹೆಚ್ಚಾಯಿತೇನವ್ವಾ ಎಂದು ಅದನ್ನು ವಿಚಾರಿಸಿಕೊಳ್ಳುವುದು ರೂಢಿಯಾಗಿತ್ತು.

ಒಂದು ದಿನ ನಿಜಾಮರ ಸರ್ಕಾರದ ಕಲ್ಲು ಪರೀಕ್ಷೆಯ ಸಾಹೇಬನೊಬ್ಬ ಔರಾದಿಗೆ ಹೊರಟವನು ನೀರು ಕೇಳಲು ಮಠದ ಮುಂದೆ ಕುದುರೆ ನಿಲ್ಲಿಸಿದ. ಬಿಸಿಲಿಗೆ ಒಣಗಲಿಟ್ಟ ಕಲ್ಲು ಕಣ್ಣಿಗೆ ಬಿತ್ತು. ನೀರು ಮರೆತೇ ಹೋಯಿತು. ಅವನು ಉರ್ದುವಿನಲ್ಲಿ ಒದರಿದ್ದನ್ನು ಕನ್ನಡಕ್ಕೆ ಇಳಿಸುವ ಹೊಣೆ ಜೊತೆಗಿದ್ದ, ಕಾಗದಪತ್ರ ನೋಡುವ ಪೇಶಕಾರ ಗೌಸೋದ್ದೀನನದು. ಗೌಸೋದ್ದೀನನ ಕನ್ನಡವೋ ಅರೆಬೆಂದ ಬೇಳೆ. ಸಾಹೇಬ ಹೇಳಿದ್ದಿಷ್ಟು: ಇದು ಮನುಷ್ಯ ಹುಟ್ಟುವುದಕ್ಕಿಂತ ಎಷ್ಟೋ ಕಾಲ ಮೊದಲಿನ ಹಕ್ಕಿ. ಹರಿದಾಡುವ ಪ್ರಾಣಿಗಳ ವಂಶದಲ್ಲೇ ಹಾರುವವು ಹುಟ್ಟಿದವು. ಆ ಹಳೆಯ ಗುರುತು ಇದರಲ್ಲಿ ಇನ್ನೂ ಅಳಿದಿಲ್ಲ, ಅದಕ್ಕೇ ರೆಕ್ಕೆಯಲ್ಲಿ ಉಗುರಿವೆ, ಬಾಯಲ್ಲಿ ಹಲ್ಲಿವೆ. ಗೌಸೋದ್ದೀನ ಉಗುಳು ನುಂಗಿ, ಕೂಡಿದ ಜನಕ್ಕೆ ಸಾರಿದ:

"ಇದು ಹಕ್ಕೀರಿ. ಬಾಯಾಗ ಹಲ್ಲಿ ಅದರಿ."

ಕೊಂಬು ಕೊಡಬೇಕಾದಲ್ಲಿ ಗುಡಿಸು ಕೊಟ್ಟಿದ್ದ, ಅಷ್ಟೇ. ಭಾಲ್ಕಿ ತಲೆಕೆಳಗಾಯಿತು. ಶರಣರು ಉಣ್ಣುವ ಮನೆಯಲ್ಲಿ ಹಕ್ಕಿಯ ಎಲುಬು, ಅದರ ಮೇಲೆ ಹಲ್ಲಿ ಬಿದ್ದ ಅಡುಗೆ! ಮಠದ ಹಿರಿಯ, ಬೇಳೆ ವ್ಯಾಪಾರಿ ಹಾವಗೆಪ್ಪ, ಹೋದ ಶ್ರಾವಣದಲ್ಲಿ ಉಂಡಿದ್ದನ್ನು ಈಗ ವಾಂತಿ ಮಾಡಿಕೊಳ್ಳಲು ಕೂತ. ಬೀದರಿಗೆ ಕೊಟ್ಟ ಹೆಣ್ಣುಮಕ್ಕಳಿಗೂ ಹೊಟ್ಟೆನೋವು ಶುರುವಾಗಿದೆಯೆಂದು ಸುದ್ದಿ ಹಬ್ಬಿತು. ಗೌಸೋದ್ದೀನನ ತಪ್ಪು ಗೊತ್ತಾದ ಸಾಹೇಬ ತನ್ನ ಹಲ್ಲನ್ನೇ ಮುಟ್ಟಿ ಮುಟ್ಟಿ ತೋರಿಸಿದ. ಪಾಪ, ಹಲ್ಲುನೋವೆಂದು ಯಾರೋ ಲವಂಗ ತಂದುಕೊಟ್ಟರು.

ಸಂಜೆಯೊಳಗೆ ಹಿರಿಯರು ಮಠದ ಸ್ವಾಮಿಗಳ ಮುಂದೆ ಸೇರಿದರು. ಕಲ್ಲು ಸಾಹೇಬನಿಗೆ ಹೋಗಲಿ, ಅನುಸೂಯಾಬಾಯಿ ಇನ್ನು ಅಡುಗೆಮನೆ ತುಳಿಯಬಾರದು ಎಂದು ಹಾವಗೆಪ್ಪ ತೀರ್ಪು ಕೊಟ್ಟ. ಆ ಒಲೆ ಬಿಟ್ಟರೆ ಅವಳಿಗೆ ಇನ್ನೊಂದು ಒಲೆ ಇರಲಿಲ್ಲ. ಆದರೂ ನಾಲಿಗೆ ಕೈಕೊಡಲಿಲ್ಲ.

"ಅರದಾಕಿ ನಾ, ಖರೇರಿ. ಉಂಡವ್ರು ಯಾರು? ನಾ ಕೆಟ್ಟಿದ್ರ ಉಂಡವ್ರೆಲ್ಲಾ ಕೆಟ್ಟಾರ. ಅಪ್ಪೋರೂ ದಿನಾ ಉಂಡಾರ್ರಿ."

ಹಿರಿಯರೆಲ್ಲ ಸ್ವಾಮಿಗಳ ಕಡೆ ನೋಡಿದರು. ಸ್ವಾಮಿಗಳು ಜಂತಿ ನೋಡಿದರು. ಸ್ವಲ್ಪ ಹೊತ್ತಿನಲ್ಲೇ ತೀರ್ಪು ಮಗ್ಗುಲು ಬದಲಿಸಿತು: ಅದು ಹಕ್ಕಿಯೂ ಅಲ್ಲ, ಹಲ್ಲಿಯೂ ಅಲ್ಲ, ಬರೀ ಕಲ್ಲು. ಬರೀ ಕಲ್ಲೇ ಆದರೆ ಅವಳು ಎಲ್ಲರೆದುರು ಅದರ ಮೇಲೆ ಚಟ್ನಿ ಅರೆಯಲಿ, ಎಲ್ಲರೂ ಉಣ್ಣಲಿ, ಅಲ್ಲಿಗೆ ಮುಗಿಯಿತು.

ಸಾಹೇಬನಿಗೆ ಇದು ಅರ್ಥವಾದ ಕೂಡಲೇ ಅವನು ಕಲ್ಲಿನ ಮೇಲೆ ಬೋರಲು ಬಿದ್ದ. ತಲೆಯ ಭಾಗ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗೆ ಉಳಿದಿದೆ, ಇನ್ನೊಂದು ಸಲ ಅರೆದರೆ ಹೋಯಿತು, ಇಂಥದ್ದು ಮತ್ತೆಲ್ಲೂ ಸಿಗದು ಎಂದು ಕೈಮುಗಿದ. ಗೌಸೋದ್ದೀನ ಈ ಸಲ ಒಂದಕ್ಷರವೂ ತಪ್ಪಲಿಲ್ಲ. ಅನುಸೂಯಾಬಾಯಿಗೆ ಎಲ್ಲವೂ ತಿಳಿಯಿತು. ಅವಳು ಕಲ್ಲನ್ನು ನೋಡಿದಳು, ಒಲೆಯನ್ನು ನೋಡಿದಳು. ಅವನನ್ನು ಎಬ್ಬಿಸಿ, ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕೂತಳು.

ಬಾಲದ ಕಡೆಯಿಂದಲೇ ಅರೆದಳು. ಕೈ ತಲೆಯತ್ತ ಹೋಗಲೊಲ್ಲದು. ತಲೆಯ ಮೇಲೂ ಅರೆಯಬೇಕೆಂದು ಹಾವಗೆಪ್ಪ ನೆನಪಿಸಿದ. ಅರೆದಳು. ಚಟ್ನಿ ಬಳಿದು ತೆಗೆದಾಗ ತೆರೆದ ಬಾಯಿದ್ದಲ್ಲಿ ಕಲ್ಲು ನುಣ್ಣಗೆ ಹೊಳೆಯುತ್ತಿತ್ತು.

ಎಲ್ಲರೂ ಉಂಡರು. ವಾಂತಿ ಮರೆತ ಹಾವಗೆಪ್ಪ ಇನ್ನೊಂದು ರೊಟ್ಟಿ ಕೇಳಿದ. ಸಾಹೇಬನಿಗೂ ಬಡಿಸಿದರು. ಅವನ ಕಣ್ಣಲ್ಲಿ ನೀರು ಇಳಿಯುವುದನ್ನು ಕಂಡು, ಹೈದರಾಬಾದಿನವರಿಗೆ ನಮ್ಮ ಖಾರ ತಡೆಯದು ಎಂದು ಬೆಲ್ಲ ಕೊಟ್ಟರು.

ಹೊರಡುವ ಮುನ್ನ ಅವನು ಗೌಸೋದ್ದೀನನ ಬಾಯಿಂದ ಕೇಳಿಸಿದ, ತಾನು ಏನನ್ನು ಅಳಿಸಿದಳೆಂಬುದು ಈಕೆಗೆ ಗೊತ್ತೇ ಎಂದು. ಅನುಸೂಯಾಬಾಯಿ ಕಲ್ಲು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಸಾಹೇಬರ, ನೀವು ಅದನ್ನ ಇವತ್ತ ನೋಡೀರಿ. ಅದರ ಮಾರಿ ಹೊರಗ ಬರೋತನಕ ಕಾದಾಕಿ ನಾ ಇದ್ದೀನ್ರಿ."