ತೂಕದ ಯಂತ್ರದ ಮೇಲೆ ಮಗಳು

ಕಮಲಾಪುರದ ತೋಟಗಳಿಂದ ಬಾಳೆಗೊನೆ ಕೊಂಡು ಹೊಸಪೇಟೆಯಲ್ಲಿ ಮಾರುವುದು ನನ್ನ ಕಸುಬು. ತಲೆಯ ಮೇಲೆ ಬುಟ್ಟಿ ಹೊತ್ತು ಶುರು ಮಾಡಿದವನಿಗೆ ಈಗ ಸ್ವಂತ ಗೋದಾಮಿದೆ. ಗೊನೆ ತೂಗಿದ ಮೇಲೆ ದಿಂಡಿನ ತೂಕವೆಂದು ಒಂದಿಷ್ಟು ಕಳೆಯುತ್ತೇವೆ. ಎಷ್ಟು ಕಳೆಯಬೇಕೆಂಬ ಮಾತಿನಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಅದೇ ಬಾಯಿಯನ್ನು ಮಗಳ ಆಟಕ್ಕೂ ಒಯ್ದೆ.

ಹತ್ತು ವರ್ಷದ ಮಗಳು ನೆಲ ನೋಡಿಕೊಂಡೇ ಮಾತಾಡುತ್ತಿದ್ದಳು. ಅದಕ್ಕೇ ಕಿಕ್‌ಬಾಕ್ಸಿಂಗ್ ಕ್ಲಾಸಿಗೆ ಹಾಕಿದೆ. ಗುದ್ದು, ಒದೆ ಎರಡೂ ಇರುವ ಆಟವೆಂದು ಹೆಂಡತಿ ಹೆದರಿದಳು. ಹೋಗಿ ನೋಡಿದರೆ ಮೊದಲ ತಿಂಗಳು ಎರಡೂ ಇಲ್ಲ. ಕಾಲು ಅಗಲಿಸಿ ನಿಲ್ಲುವುದು, ಗದ್ದದ ಮುಂದೆ ಮುಷ್ಟಿ ಹಿಡಿಯುವುದು, ಹದವಾಗಿ ಉಸಿರು ಬಿಡುವುದು, ಇಷ್ಟೇ. ಮಕ್ಕಳನ್ನು ಸೇರಿಸುವವರು ಕ್ಲಾಸನ್ನು ಒಂದು ದಿನ ಕುಳಿತು ನೋಡಿ. ತಲೆ, ಹಲ್ಲು, ಕಣಕಾಲಿಗೆ ರಕ್ಷಣೆ ಹಾಕಿಸದೆ ಮಕ್ಕಳನ್ನು ಜೋಡಿಯಾಗಿ ಆಡಲು ಬಿಡುವ ಮಾಸ್ತರಾದರೆ ಎದ್ದು ಬನ್ನಿ. ನಮ್ಮ ಮಾಸ್ತರು ಒಳ್ಳೆಯವರು. ಆರು ತಿಂಗಳಲ್ಲಿ ಮಗಳ ಕುತ್ತಿಗೆ ನೆಟ್ಟಗಾಯಿತು. ಸಿಟ್ಟು ಬಂದರೆ ತಟ್ಟೆ ನೂಕುತ್ತಿದ್ದವಳು ಸುಮ್ಮನೆ ಉಸಿರು ಎಣಿಸತೊಡಗಿದಳು.

ಕಂಪ್ಲಿಯಲ್ಲಿ ಮಕ್ಕಳ ಪಂದ್ಯ ಬಂತು. ತೂಕ ನೋಡಿ ಗುಂಪು ಮಾಡುತ್ತಾರೆ. ಇಪ್ಪತ್ತೆಂಟರಿಂದ ಮೂವತ್ತೆರಡು ಕೆಜಿಯ ಗುಂಪಿಗೆ ಮಗಳು ಮುಕ್ಕಾಲು ಕೆಜಿ ಹೆಚ್ಚಾದಳು. ಮೇಲಿನ ಗುಂಪಿಗೆ ಹೋದರೆ ದೊಡ್ಡ ಹುಡುಗಿಯರು ಎದುರಾಗುತ್ತಾರೆ.

"ಬಟ್ಟಿ ತೂಕ ಕಳೀರಿ ಮೇಡಂ," ಎಂದೆ, ತೂಕ ಬರೆದುಕೊಳ್ಳುತ್ತಿದ್ದವರಿಗೆ.

"ತೆಳ್ಳನ ಬಟ್ಟಿ ಐತಲ್ರಿ, ಏನ್ ಕಳೀಲಿ?"

"ಮುಂಜಾನಿ ನಾಕು ಇಡ್ಲಿ ತಿಂದಾಳ, ಅದನ್ನರ ಕಳೀರಿ. ನಾವೂ ದಿನಾ ತೂಗೋ ಮಂದಿನ ಅದೀವಿ."

ಸಾಲಿನಲ್ಲಿದ್ದವರು ನಕ್ಕರು. ಮಗಳು ನನ್ನ ಅಂಗಿ ಜಗ್ಗಿದಳು. "ಅಪ್ಪಾ, ಬ್ಯಾಡ. ನಾ ಮ್ಯಾಲಿನ ಗುಂಪಿನಾಗ ಆಡ್ತೀನಿ."

"ಸುಮ್ಕಿರು, ನಿನಗ ತಿಳಿಯಂಗಿಲ್ಲ."

"ತಲಿ ತಿನಬ್ಯಾಡ್ರಿ ಅಣ್ಣಾರ, ಹೋಗ್ರಿ," ಎಂದು ಮೇಡಂ ಮೂವತ್ತೆರಡು ಬರೆದರು. ಗೆದ್ದೆನೆಂದು ಚಹಾ ಕುಡಿದೆ.

ಎದುರಿಗೆ ಬಂದವಳು ಸಂಡೂರಿನ ಹುಡುಗಿ. ಕಣಕಾಲಿನ ಪಟ್ಟಿ ಸಡಿಲವೆಂದು ಒಳಗೆ ಬಟ್ಟೆ ತುರುಕಿಕೊಂಡಿದ್ದಳು. ಗೊನೆಯನ್ನು ಕಣ್ಣಳತೆಯಲ್ಲೇ ತೂಗುವವನು ನಾನು. ಇವಳು ಇಪ್ಪತ್ತೊಂಬತ್ತು ದಾಟಿರಲಾರಳು ಎಂದು ಗೊತ್ತಾಯಿತು. ಮಗಳ ಎರಡನೆಯ ಒದೆಗೆ ಅವಳು ಕುಕ್ಕರಿಸಿ ಕೂತಳು. ಮಗಳು ರೆಫರಿಯನ್ನು ನೋಡಲಿಲ್ಲ, ತಿರುಗಿ ನನ್ನನ್ನು ನೋಡಿದಳು. ಆಮೇಲೆ ಬರೀ ಮುಟ್ಟಿ ಮುಟ್ಟಿ ಆಡಿದಳು. ಆದರೂ ಗೆದ್ದಳು.

ಆ ಹುಡುಗಿಯ ತಾಯಿ ನನ್ನ ಹತ್ತಿರ ಬಂದರು.

"ಅಣ್ಣಾರ, ನಿಮ್ಮಾಕಿಗೆ ಏನ್ ತಿನಸ್ತೀರಿ? ನಮ್ಮಾಕಿನೂ ಅದ ತೂಕದ ಗುಂಪು, ಕಸುವು ನೋಡಿದ್ರ ಭಾಳ ಕಡಿಮಿ ಐತ್ರಿ."

ನಿಜ ಹೇಳಲು ಅದೇ ಹೊತ್ತು. ನಾನೋ ಕೇಳಿದವರಿಗೆ ಬುದ್ಧಿ ಹೇಳದೆ ಇರಲಾರದವನು.

"ನೆನಸಿದ ಶೇಂಗಾ ಕೊಡ್ರಿ ಯಕ್ಕ. ಸಂಜಿಕ ಎರಡು ಬಾಳಿಹಣ್ಣು. ಜಲ್ದಿ ಮೈ ಹಿಡೀತಾಳ."

ಅವರು ತಲೆಯಾಡಿಸಿ, ಮರೆಯಬಾರದೆಂದು ಮತ್ತೊಮ್ಮೆ ಹೇಳಿಕೊಂಡರು. ಪಕ್ಕದಲ್ಲೇ ಗ್ಲೌಸು ಬಿಚ್ಚುತ್ತಿದ್ದ ಮಗಳ ಕೈ ನಿಂತಿತು. ವಾಪಸ್ ಬಸ್ಸಿನಲ್ಲಿ ಅವಳು ಕೇಳಿದ್ದು ಒಂದೇ: "ಆ ಅವ್ವಗ ಯಾಕ ಹೇಳಲಿಲ್ಲ?"

ಮೂರು ತಿಂಗಳಿಗೆ ಹೊಸಪೇಟೆಯಲ್ಲೇ ಪಂದ್ಯ. ತೂಕದ ಕೋಣೆಯ ಬಾಗಿಲಲ್ಲಿ ಮಗಳು ನನ್ನ ಕೈಯಿಂದ ಚೀಲ ತೆಗೆದುಕೊಂಡಳು.

"ನೀ ಇಲ್ಲೇ ನಿಂದ್ರಪ್ಪ. ಒಳಗ ಬರಬ್ಯಾಡ."

ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದಳು. ಅದನ್ನು ಕಲಿಯಲೆಂದೇ ಅಲ್ಲವೇ ನಾನು ಸೇರಿಸಿದ್ದು. ನನಗೆ ಆ ಕಣ್ಣು ನೋಡಲಾಗಲಿಲ್ಲ.

ಸಂಡೂರಿನ ತಾಯಿ ಅಲ್ಲಿಗೂ ಬಂದಿದ್ದರು. "ಶೇಂಗಾ ಕೊಡಾಕತ್ತೀನ್ರಿ ಅಣ್ಣಾರ," ಎಂದು ನಕ್ಕರು. ಇನ್ನು ತಡೆಯಲಾಗಲಿಲ್ಲ. "ಯಕ್ಕ, ಅವತ್ತು ನಮ್ಮಾಕಿ ಆ ಗುಂಪಿನಾಕಿ ಅಲ್ಲ. ನಾನ ವಾದ ಮಾಡಿ ತೂಕ ಕಡಿಮಿ ಬರಿಸಿದ್ದೆ," ಎಂದೆ.

ಅವರ ನಗು ಹೋಯಿತು. "ಸೋತ ಮ್ಯಾಲೆ ನಮ್ಮಾಕಿ ತಿಂಗಳಗಟ್ಟಲೆ ಕ್ಲಾಸಿಗೆ ಹೋಗಾಕ ಒಲ್ಲೆ ಅಂತಿದ್ಲರಿ. ನಿನ್ನಷ್ಟ ತೂಕದಾಕಿ ಗೆದ್ಲು, ನಿನಗೇನಾಗಿತ್ತು ಅಂತ ನಾನ ಬೈದು ಬೈದು ಕಳಿಸೀನಿ."

ಹಾಗೆಂದು ತಮ್ಮ ಮಗಳ ಹತ್ತಿರ ಒಳಗೆ ಹೋದರು. ಯಾರಿಗೂ ಹೇಳಲು ಆ ಹೊತ್ತು ನನ್ನಲ್ಲಿ ಒಂದು ಬುದ್ಧಿಮಾತೂ ಉಳಿದಿರಲಿಲ್ಲ. ನನ್ನ ಮಗಳು ನಿಲ್ಲೆಂದ ಜಾಗದಲ್ಲೇ ನಿಂತೆ.