ಟೋಕನ್ ನಂಬರ್ 1146ರ ಹಡಗಿನ ಇಂಜಿನ್ನು

ನಾನು ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಸಿಎನ್‌ಸಿ ಮೆಷಿನ್ ನೋಡಿಕೊಳ್ಳುತ್ತೇನೆ. ನೆಂಟರಿಗೆ ಹೇಳುವಾಗ ಇದನ್ನೇ ಪ್ರೊಡಕ್ಷನ್ ಇಂಜಿನಿಯರ್ ಅನ್ನುತ್ತೇನೆ. ಅರವತ್ತು ಲಕ್ಷದ ಮೆಷಿನ್ನಿನ ಮುಂದೆ ನಿಂತು ಹಸಿರು ಗುಂಡಿ ಒತ್ತಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ, ಒಳಗೆ ಹಾಲಿನಂಥ ನೀರು ಸುರಿಯುತ್ತದೆ, ಎರಡು ನಿಮಿಷಕ್ಕೆ ಬುಷ್ ಎಂಬ ಒಂದು ಲೋಹದ ಬಳೆ ತಯಾರಾಗುತ್ತದೆ. ಆ ಬುಷ್ ಯಾವ ಯಂತ್ರದ ಯಾವ ಮೂಲೆಗೆ ಹೋಗುತ್ತದೆ ಎಂದು ಕೇಳಬೇಕೆಂದು ಆರು ವರ್ಷದಿಂದ ಅಂದುಕೊಂಡಿದ್ದೇನೆ. ಇನ್ನೂ ಕೇಳಿಲ್ಲ.

ಸ್ವಂತಕ್ಕೆ ಒಂದು ಸ್ಟೀಮ್ ಇಂಜಿನ್ ಮಾಡಬೇಕೆಂಬ ಆಸೆ ಡಿಪ್ಲೊಮಾ ಓದುವಾಗಿನಿಂದ ನನಗಿದೆ. ಅದಕ್ಕಾಗಿ ಈವರೆಗೆ ಆಗಿರುವ ಕೆಲಸವೆಂದರೆ ಫೋನಿನಲ್ಲಿ ಒಂದು ಫೋಲ್ಡರ್. ನಕ್ಷೆಗಳು, ವಿಡಿಯೋಗಳು, ಯಾರ್ಯಾರೋ ಮಾಡಿದ ಇಂಜಿನ್ನುಗಳ ಚಿತ್ರಗಳು. ಒಂಬತ್ತು ವರ್ಷದಲ್ಲಿ ಮೂರು ಫೋನ್ ಬದಲಾದವು. ಫೋಲ್ಡರ್ ಮಾತ್ರ ಒಂದು ಗೀರೂ ಬೀಳದೆ ಹೊಸ ಫೋನಿಗೆ ಬಂದಿದೆ.

ನಾನು ಫೋಲ್ಡರ್ ಜೋಪಾನ ಮಾಡುತ್ತಿರುವಾಗ, ಕೆಳಗಿನ ಮನೆಯ ಹಾಲವ್ವ ಆಂಟಿ ಇಂಜಿನ್ನನ್ನೇ ಮಾಡಿಬಿಟ್ಟರು.

ಹಾಲವ್ವ ಆಂಟಿ ನನ್ನ ಮನೆ ಓನರ್. ವಯಸ್ಸು ಅರವತ್ತನಾಲ್ಕು. ಬಸವೇಶ್ವರನಗರದಲ್ಲಿ ಅವರದು ಸಣ್ಣ ಸೈಟಿನ ಎರಡಂತಸ್ತಿನ ಮನೆ. ಮೇಲೆ ನಾನು, ಕೆಳಗೆ ಅವರು ಮತ್ತು ಅವರ ಯಜಮಾನರು ಗಂಗಾಧರಯ್ಯ. ಬಾಡಿಗೆಗೆ ಬಂದ ಮೊದಲ ಭಾನುವಾರ ಕೆಳಗಿನಿಂದ ಗುಂಯ್ ಎಂಬ ಸದ್ದು ಕೇಳಿ, ಇಡ್ಲಿಗೆ ರುಬ್ಬುತ್ತಿದ್ದಾರೆ ಎಂದುಕೊಂಡೆ. ನೀರಿನ ಮೋಟರ್ ವಿಷಯ ಕೇಳಲು ಹೋಗಿ ನೋಡಿದರೆ, ಅಡುಗೆಮನೆಯ ಹಿಂದೆ, ವಾಷಿಂಗ್ ಮೆಷಿನ್ನಿಗೂ ಗ್ರೈಂಡರಿಗೂ ನಡುವೆ, ಮೇಜಿನ ಮೇಲೆ ಒಂದು ಪುಟ್ಟ ಲೇತು. ಅದರ ಮುಂದೆ ನೈಟಿಯ ಮೇಲೆ ಹಳೆಯ ನೀಲಿ ಕೋಟು ತೊಟ್ಟು, ಸೆರಗಿಲ್ಲದ್ದಕ್ಕೆ ಟವೆಲ್ಲು ಹೊದ್ದು, ಆಂಟಿ ಬೀಡು ಕಬ್ಬಿಣದ ತುಂಡೊಂದನ್ನು ಕೊರೆಯುತ್ತಿದ್ದರು. ಅದೇ ಮುಂದೆ ಇಂಜಿನ್ನಿನ ಸಿಲಿಂಡರ್ ಆಯಿತು.

ಇವರ ಕತೆ ಚಿಕ್ಕದು. ಹರಿಹರದ ಕಡೆಯವರು. ಇಪ್ಪತ್ತನೇ ವಯಸ್ಸಿಗೆ ಅಣ್ಣನ ಜೊತೆ ಬೆಂಗಳೂರಿಗೆ ಬಂದು ಒಂದು ಗಡಿಯಾರದ ಫ್ಯಾಕ್ಟರಿಗೆ ಸೇರಿದರು. ಕೈಗಡಿಯಾರದೊಳಗೆ ಕೂದಲಿನಂಥ ಸ್ಪ್ರಿಂಗಿನ ಜೊತೆ ಅತ್ತಿತ್ತ ಆಡುವ ಚಕ್ರವೊಂದು ಇರುತ್ತದೆ. ಅದನ್ನು ಕೂರಿಸುವುದು ಇವರ ಕೆಲಸ. ಚಕ್ರ ಕೂರಿಸಿ ಪಕ್ಕದವಳ ಕಡೆಗೆ ತಳ್ಳಬೇಕು, ಮುಂದಿನದನ್ನು ಎತ್ತಿಕೊಳ್ಳಬೇಕು. ಇಪ್ಪತ್ತೆರಡು ವರ್ಷ ಅದೇ ಚಕ್ರ. ವಿಆರ್‌ಎಸ್ ತೆಗೆದುಕೊಂಡು ಮನೆಗೆ ಬಂದ ಮೇಲೆ ಮಗಳ ಮದುವೆ, ಬಾಣಂತನ, ಮಹಡಿ ಕಟ್ಟಿಸುವುದು. ಅವೆಲ್ಲ ಮುಗಿದ ಮೇಲೆ ಲೇತು. ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರಂತೆ. ಗಂಗಾಧರಯ್ಯನವರು ಅಂಚೆ ಇಲಾಖೆಯಲ್ಲಿದ್ದವರು, ಯಾರು ಏನು ತಂದರೂ ಕೇಳುವವರಲ್ಲ. ಅವರಿಗಿರುವುದು ಒಂದೇ ದೂರು. ಅಡುಗೆಮನೆಗೆ ಬರುವ ಕಬ್ಬಿಣದ ಚೂರನ್ನು ಅಯಸ್ಕಾಂತದಲ್ಲಿ ಎತ್ತಬಹುದು, ಹಿತ್ತಾಳೆಯ ಚೂರು ಅದಕ್ಕೆ ಅಂಟುವುದಿಲ್ಲ, ಪಾದಕ್ಕೆ ಮಾತ್ರ ಅಂಟುತ್ತದೆ.

ಇಷ್ಟೆಲ್ಲ ಇಂಜಿನ್ನುಗಳಿರುವಾಗ ಹಡಗಿನದೇ ಯಾಕೆ ಎಂದು ನಾನು ಕೇಳಿದೆ. ಬಸವೇಶ್ವರನಗರದಿಂದ ಸಮುದ್ರ ಮುನ್ನೂರೈವತ್ತು ಕಿಲೋಮೀಟರ್ ಎಂಬುದನ್ನೂ ತಿಳಿಸಿದೆ. ಹಡಗಿನ ಇಂಜಿನ್ನಿಗೆ ಒಂದು ಹಿಡಿ ಇರುತ್ತದೆ, ಅದನ್ನು ದೂಡಿದರೆ ಉಲ್ಟಾ ತಿರುಗುತ್ತದೆ, ಗಡಿಯಾರಕ್ಕೆ ಆ ಭಾಗ್ಯ ಇಲ್ಲ ಎಂದು ಆಂಟಿ ಹೇಳಿದರು. ನನ್ನ ಫೋಲ್ಡರಿನಲ್ಲಿ ನೂರು ಇಂಜಿನ್ನಿವೆ. ಇಂಥದೇ ಬೇಕು ಎನ್ನಲು ಒಂದಕ್ಕೂ ನನ್ನ ಬಳಿ ಕಾರಣವಿರಲಿಲ್ಲ. ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಅವತ್ತೇ ಇರಬೇಕು.

ಅದಕ್ಕೊಂದು ಸಭ್ಯ ವೇಷ ಹಾಕಿಸಿ ಸಹಾಯಕ್ಕೆ ಕಳಿಸಿದೆ. ಇಂಜಿನ್ನಿನ ಚಕ್ರ ತಿರುಗಿಸುವ ಕ್ರ್ಯಾಂಕ್ ಶಾಫ್ಟನ್ನು ಆಂಟಿ ಅರದಲ್ಲಿ ಉಜ್ಜುತ್ತ ಎರಡು ವಾರದಿಂದ ಕೂತಿದ್ದರು. ನಮ್ಮ ಮೆಷಿನ್ನಿನಲ್ಲಿ ಹತ್ತೇ ನಿಮಿಷ, ನಾನು ಮಾಡಿಕೊಡುತ್ತೇನೆ ಎಂದೆ.

"ಹತ್ ನಿಮಿಷದಲ್ಲಿ ಆಗೋದಾದ್ರೆ ನಂಗ್ಯಾಕಪ್ಪ ಅದು" ಎಂದು ಆಂಟಿ ಅರ ಕೆಳಗಿಟ್ಟರು. "ನೋಡು ಉದಯ, ಇಪ್ಪತ್ತೆರಡು ವರ್ಷ ಚಕ್ರ ಕೂರಿಸಿದೀನಿ. ಲಕ್ಷಗಟ್ಲೆ ಗಡಿಯಾರ ಹೋಗಿದಾವೆ ನನ್ ಕೈಯಿಂದ. ಒಂದನ್ನಾದ್ರೂ ನಾನು ಮಾಡಿದ್ದು ಅನ್ನಂಗಿಲ್ಲ. ಇದು ಮೊದಲಿಂದ ಕೊನೇವರೆಗೂ ನಂದೇ ಆಗ್ಬೇಕು. ಒಂದು ಸ್ಕ್ರೂನೂ ಇನ್ನೊಬ್ಬರದ್ದು ಬೇಡ."

ಒಳ್ಳೆಯದು ಆಂಟಿ ಎಂದು ಮೇಲೆ ಬಂದೆ. ಆ ದಿನ ನನ್ನ ಬುಷ್ಷುಗಳ ಲೆಕ್ಕವನ್ನೂ ಹಾಕಿ ನೋಡಿದೆ. ನನ್ನವೂ ಲಕ್ಷಗಟ್ಟಲೆ ಆಗಿದ್ದವು.

ಆಮೇಲೆ ನಾನು ಅವರ ಪ್ರತಿ ಕೆಲಸದಲ್ಲೂ ಹುಳುಕು ಹುಡುಕತೊಡಗಿದೆ. ಉಗಿಯನ್ನು ಒಳಗೆ ಬಿಡುವ ವಾಲ್ವಿನ ಮುಖ ಕನ್ನಡಿಯಂತೆ ನುಣುಪಾಗಿರಬೇಕು. ಅದಕ್ಕೆ ನಮ್ಮ ಶಾಪಿನಲ್ಲಿ ವಿದೇಶಿ ಪೇಸ್ಟ್ ಇದೆ. ಆಂಟಿ ವಿಭೂತಿ ಗಟ್ಟಿಯನ್ನು ಪುಡಿ ಮಾಡಿ, ಪಂಚೆಯಲ್ಲಿ ಜರಡಿ ಹಿಡಿದು, ಹಳೆಯ ಫೋಟೋದ ಗಾಜಿನ ಮೇಲೆ ಎಣ್ಣೆ ಬಿಟ್ಟು ಉಜ್ಜಿದರು. ದೇವರ ದೀಪ ಫಳಫಳ ಅನ್ನಿಸುವುದು ಇದೇ ಅಲ್ಲವೇ ಎಂದರು. ಮನಸ್ಸಿನಲ್ಲೇ ನಕ್ಕೆ. ಒಂದು ವಾರದ ನಂತರ ವಾಲ್ವಿನಲ್ಲಿ ನನ್ನ ಮುಖ ಕಂಡಿತು, ನಗು ಇರಲಿಲ್ಲ.

ಬೀದಿಗೆಲ್ಲ ಸುದ್ದಿ ಹಬ್ಬಿತು. ಗೇಟಿನ ಹೊರಗೆ ಹೊಂಗೆಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟಿರುವ ದುಂಡಪ್ಪ, ವಿಜಯಪುರದ ಕಡೆಯವನು, ನನ್ನ ಶರ್ಟು ಕೈಗೆ ಕೊಡುವಾಗಲೆಲ್ಲ ಅದನ್ನೇ ತೆಗೆಯುತ್ತಿದ್ದ. "ಅವ್ವಾರು ಏನ್ ಮಷಿನ್ ಮಾಡ್ಯಾರ್ರಿ ಸಾರ್. ನೀವೂ ಅದ ಕೆಲಸದಾಗ ಇದ್ದೀರಲ್ಲ, ನೀವೊಂದು ಮಾಡಂಗಿಲ್ಲೇನ್ರಿ?" ಇಸ್ತ್ರಿಯ ಬಿಸಿ ಸಾಲದೆಂದು ಇದೊಂದು. ಊರಿನಿಂದ ಫೋನ್ ಮಾಡುವ ನನ್ನ ಅಮ್ಮ ಕೂಡ ನನ್ನ ಊಟ ಆಯಿತೇ ಎಂದು ಕೇಳುವ ಮೊದಲು ಆಂಟಿಯ ಇಂಜಿನ್ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದಳು.

ಮೂರನೇ ವರ್ಷದ ಕೊನೆಗೆ ಇಂಜಿನ್ ಪೂರ್ತಿಯಾಯಿತು. ಒಂದು ಗೇಣು ಎತ್ತರ. ನಾಲ್ಕು ಕಂಬದ ಮೇಲೆ ಸಿಲಿಂಡರ್, ಕೆಳಗೆ ಶಾಫ್ಟು, ಒಂದು ಬದಿಗೆ ತಿರುಗುಚಕ್ರ, ಉಲ್ಟಾ ತಿರುಗಿಸುವ ಹಿಡಿ. ಪ್ರತಿ ಭಾಗದ ಅಡಿಯಲ್ಲೂ ಸೂಜಿಯಲ್ಲಿ ಗೀಚಿದಂತೆ 1146. ಫ್ಯಾಕ್ಟರಿಯಲ್ಲಿ ಆಂಟಿಯ ಟೋಕನ್ ನಂಬರ್. ಹದಿನೈದು ದಿನ ಬಿಟ್ಟು ಬರುವ ಭಾನುವಾರ ಫ್ಯಾಕ್ಟರಿಯ ಗೆಳತಿಯರು ಹತ್ತು ಜನ ಊಟಕ್ಕೆ ಬರುವವರಿದ್ದರು. ಅವರೆದುರಿಗೇ ಮೊದಲ ಸಲ ಉಗಿ ಬಿಡುವುದು ಎಂದು ನಿಶ್ಚಯವಾಯಿತು. ಪೂರ್ತಿ ನಾನೇ ಮಾಡಿದ್ದು ಎಂದು ಅವರಿಗೆಲ್ಲ ಆಂಟಿ ಹೇಳಿಯಾಗಿತ್ತು.

ಆ ಹದಿನೈದು ದಿನದಲ್ಲೇ ನನಗೆ ಬೇಕಾಗಿದ್ದ ಹುಳುಕು ಸಿಕ್ಕಿತು. ಒಂದು ಸಂಜೆ ಆಂಟಿ ಸಿಲಿಂಡರಿನ ಮುಚ್ಚಳ ತೆಗೆದು ಎಣ್ಣೆ ಬಿಡುತ್ತಿದ್ದರು. ಒಳಗೆ ಮೇಲೆ ಕೆಳಗೆ ಓಡಾಡುವ ಹಿತ್ತಾಳೆಯ ಪಿಸ್ಟನ್ ಹೊರಗಿತ್ತು, ಅದನ್ನು ನಾನು ವರ್ನಿಯರ್ ಹಿಡಿದು ಅಳೆದೆ. ಸಿಲಿಂಡರಿಗಿಂತ ಹತ್ತನೇ ಒಂದು ಮಿಲಿಮೀಟರ್ ಸಣ್ಣ. ನಮ್ಮ ಶಾಪಿನಲ್ಲಾಗಿದ್ದರೆ ಸೀದಾ ಗುಜರಿ ಡಬ್ಬಕ್ಕೆ. ಆ ಸಂದಿಗೆ ಆಂಟಿ ದೀಪದ ಬತ್ತಿಯ ನೂಲನ್ನು ಎಣ್ಣೆಯಲ್ಲಿ ಅದ್ದಿ, ಪೆನ್ಸಿಲ್ ಕಡ್ಡಿಯ ಪುಡಿ ಸವರಿ, ಪಿಸ್ಟನ್ನಿನ ಸುತ್ತ ಕೊರೆದ ಕಾಲುವೆಯಲ್ಲಿ ಸುತ್ತಿದ್ದರು. ಬತ್ತಿ! ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಅವರಿಗೆ ಹೇಳಲಿಲ್ಲ.

ಭಾನುವಾರಕ್ಕೆ ನಾಲ್ಕು ದಿನ ಇರುವಾಗ ಗಂಡ ಹೆಂಡತಿ ದಾವಣಗೆರೆಗೆ ಮದುವೆಗೆ ಹೊರಟರು. ಕಾವೇರಿ ನೀರು ಬಂದಾಗ ನೆಲದ ಸಂಪು ತುಂಬಿಸು, ತುಳಸಿಗೆ ಒಂದು ಚೊಂಬು ನೀರು ಹಾಕು ಎಂದು ಆಂಟಿ ಮನೆ ಕೀಲಿ ನನ್ನ ಕೈಗೆ ಕೊಟ್ಟರು. ಮೂರು ವರ್ಷದಿಂದ ಎಲ್ಲಿಗೆ ಹೋದರೂ ಕೊಡುತ್ತಿದ್ದರು.

ಮುಂದಿನದನ್ನು ಬರೆಯುವಾಗ ಬೇರೆ ಯಾರೋ ಮಾಡಿದರು ಎಂಬಂತೆ ಬರೆಯಬೇಕೆನಿಸುತ್ತದೆ. ಮಾಡಿದ್ದು ನಾನೇ. ಬುಧವಾರ ತುಳಸಿಗೆ ನೀರು ಹಾಕಿ, ಒಳಗೆ ಹೋಗಿ, ನಾಲ್ಕು ಸ್ಕ್ರೂ ಬಿಚ್ಚಿ ಪಿಸ್ಟನ್ ತೆಗೆದೆ. ಗುರುವಾರ ಊಟದ ವಿರಾಮದಲ್ಲಿ, ಸೂಪರ್‌ವೈಸರ್ ಬಿಸಿಬೇಳೆಬಾತಿನಲ್ಲಿ ಮುಳುಗಿರುವಾಗ, ಅರವತ್ತು ಲಕ್ಷದ ಮೆಷಿನ್ನಿನಲ್ಲಿ ಅಂಥದೇ ಒಂದನ್ನು ಮಾಡಿದೆ. ಅಂಥದೇ ಅಲ್ಲ, ಸರಿಯಾದದ್ದು. ಸಂದಿ ಎಷ್ಟು ಸಣ್ಣದೆಂದರೆ ಎಣ್ಣೆಯೊಂದೇ ನುಸುಳಬೇಕು. ಅಡಿಯಲ್ಲಿ ನಂಬರ್ ಬೇಕಲ್ಲ, ಅಕ್ಷರ ಕೆತ್ತುವ ಟೂಲಿನಲ್ಲಿ 1146 ಎಂದು ಕೆತ್ತಿದೆ. ಸುಳ್ಳು ಸಹಿ ಅಷ್ಟು ಚೆಂದ ಬಂದದ್ದಕ್ಕೆ ಹೆಮ್ಮೆಯೂ ಆಯಿತು. ಅವತ್ತೇ ಸಂಜೆ ಆಂಟಿಯ ಬತ್ತಿಯನ್ನೇ ಬಿಚ್ಚಿ ಅದಕ್ಕೆ ಸುತ್ತಿ, ಒಳಗೆ ಕೂರಿಸಿ, ಮುಚ್ಚಳ ಬಿಗಿದೆ. ಅವರದ್ದನ್ನು ಟಿಫಿನ್ ಬ್ಯಾಗಿನ ಜೇಬಿಗೆ ಹಾಕಿಕೊಂಡೆ.

ಇಂಜಿನ್ನಿಗೆ ಉಪಕಾರ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಪೂರ್ತಿ ನನ್ನದು ಎಂದು ಅವರು ಹೇಳುವಾಗ ಅದು ಸುಳ್ಳಾಗಿರಬೇಕಿತ್ತು. ಆ ಸುಳ್ಳು ನನ್ನೊಬ್ಬನಿಗೇ ಗೊತ್ತಿರಬೇಕಿತ್ತು.

ಶುಕ್ರವಾರ ಸಂಜೆ ಅವರು ಬಂದರು. ಕೀಲಿ ಕೊಟ್ಟೆ, ಮದುವೆಯ ಲಾಡು ಇಸಿದುಕೊಂಡೆ. ಶನಿವಾರ ಬೆಳಗ್ಗೆಯಿಂದ ಕತ್ತಲಾಗುವವರೆಗೆ ಕೆಳಗೆ ಲೇತು ಗುಂಯ್ ಎನ್ನುತ್ತಲೇ ಇತ್ತು. ಪರೀಕ್ಷೆಯ ಹಿಂದಿನ ದಿನ ಎಲ್ಲರೂ ಹೀಗೇ, ಸುಮ್ಮನೆ ಪುಸ್ತಕ ತಿರುವುತ್ತಾರೆ ಎಂದುಕೊಂಡೆ.

ಭಾನುವಾರ ಹಾಲ್ ತುಂಬ ರೇಷ್ಮೆ ಸೀರೆ. ಹೋಳಿಗೆ ಊಟ ಮುಗಿದ ಮೇಲೆ ಟೀಪಾಯಿಯ ಮೇಲೆ ಇಂಜಿನ್ ಬಂತು, ಪಕ್ಕದಲ್ಲಿ ಪುಟ್ಟ ಬಾಯ್ಲರು, ಅದರಡಿಯಲ್ಲಿ ಸ್ಪಿರಿಟ್ ದೀಪ. ಮುಂದಿನ ಸಾಲಿನಲ್ಲಿ ಚಿಕ್ಕಲಕ್ಷ್ಮಮ್ಮ ಎಂಬವರು ಕೂತಿದ್ದರು. ಫ್ಯಾಕ್ಟರಿಯಲ್ಲಿ ಇನ್ಸ್‌ಪೆಕ್ಷನ್ ವಿಭಾಗದವರು, ಆಂಟಿ ತಳ್ಳಿದ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತಿದ್ದವರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇನ್ನೂ ಅವರ ಪರ್ಸಿನಲ್ಲೇ ಇತ್ತು. ಅದನ್ನು ಸಿಕ್ಕಿಸಿಕೊಂಡು ಇಂಜಿನ್ನಿನ ಸುತ್ತ ನೋಡಿದರು.

"ಎಲ್ಲಾ ನಿಂದೇನಾ ಹಾಲವ್ವ? ನಿಜ ಹೇಳು."

"ಎಲ್ಲಾ ನಂದೇ ಕಣೇ. ಒಂದೂ ಬಿಡದೆ."

ಬಾಗಿಲ ಬಳಿ ನಿಂತಿದ್ದ ನಾನು ಒಳಗೊಳಗೇ ಹಿಗ್ಗಿದೆ. ನೀರು ಕುದಿಯಿತು. ಆಂಟಿ ಉಗಿ ಬಿಟ್ಟರು. ತಿರುಗುಚಕ್ರವನ್ನು ಬೆರಳಲ್ಲಿ ಒಮ್ಮೆ ತಟ್ಟಿದರು. ಬಿಸಿ ಹನಿ ಚಿಮ್ಮಿತು, ಇಂಜಿನ್ ಒಂದು ಸಲ ಕೆಮ್ಮಿ, ಅರ್ಧ ಸುತ್ತು ಹೋಗಿ, ಆಮೇಲೆ ಸಲೀಸಾಗಿ ಓಡತೊಡಗಿತು. ಹಿಡಿ ದೂಡಿದರು. ನಿಂತಿತು, ಉಲ್ಟಾ ತಿರುಗಿತು. ಚಿಕ್ಕಲಕ್ಷ್ಮಮ್ಮ ಭೂತಗನ್ನಡಿ ತೆಗೆದು ಪರ್ಸಿಗೆ ಹಾಕಿ, "ಪಾಸ್" ಎಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಮೂರು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಿತ್ತು.

ಹೊರಡುವವರಿಗೆಲ್ಲ ಆಂಟಿ ತಾಂಬೂಲದ ಚೀಲ ಕೊಟ್ಟರು, ನನಗೂ ಒಂದು. ಮೇಲೆ ಬಂದು ಬಿಚ್ಚಿದೆ. ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ. ಅದರಡಿಯಲ್ಲಿ ಒಂದು ಕುಂಕುಮದ ಡಬ್ಬಿ. ಡಬ್ಬಿಯೊಳಗೆ ನನ್ನ ಪಿಸ್ಟನ್.

ಶನಿವಾರದ ಲೇತಿನ ಸದ್ದು ಆಗ ನನಗೆ ಅರ್ಥವಾಯಿತು. ಟಿಫಿನ್ ಬ್ಯಾಗಿನಿಂದ ಅವರದ್ದನ್ನು ತೆಗೆದುಕೊಂಡು ಕೆಳಗಿಳಿದೆ. ಆಂಟಿ ಸಿಂಕಿನ ಮುಂದೆ ಲೋಟ ತೊಳೆಯುತ್ತಿದ್ದರು. ಪಿಸ್ಟನ್ನನ್ನು ಕಟ್ಟೆಯ ಮೇಲಿಟ್ಟೆ. ಅವರು ತಿರುಗಿ ನೋಡಿದರು, ನಲ್ಲಿ ನಿಲ್ಲಿಸಲಿಲ್ಲ.

"ಬಂದ ತಕ್ಷಣ ಚಕ್ರ ತಿರುಗಿಸಿದೆ. ನನ್ ಬೆರಳಿಗೆ ಗೊತ್ತಾಗಲ್ವಾ? ಬಿಚ್ಚಿ ಅಡೀಲಿ ನಂಬರ್ ನೋಡಿದೆ. ನನ್ನ ನಾಕು ಯಾವತ್ತೂ ಸೊಟ್ಟ ಕಣಪ್ಪ, ಇದು ಬ್ಯಾಂಕಿನ ಬೋರ್ಡ್ ಇದ್ದಂಗಿತ್ತು."

ತಪ್ಪಾಯಿತು ಎಂಬ ಮಾತು ಬಾಯಿಗೆ ಬಂದಿತ್ತು. ಅದರ ಬದಲು, ನಿಮ್ಮದು ಬಹಳ ಸಡಿಲ ಇತ್ತು ಆಂಟಿ ಎಂದುಬಿಟ್ಟೆ.

ಅವರು ಒಂದರೊಳಗೊಂದು ಸಿಕ್ಕಿಕೊಂಡಿದ್ದ ಎರಡು ಲೋಟ ಎತ್ತಿ ತೋರಿಸಿದರು. "ಇದನ್ನ ಬಿಡಿಸೋಕೆ ಬಿಸಿನೀರು ಹೊರಗಿನ ಲೋಟಕ್ಕೆ ಹಾಕ್ತೀವೋ ಒಳಗಿನದಕ್ಕೋ? ಒಳಗಿಂದು ಹಿಗ್ಗಿದ್ರೆ ಕಚ್ಕೊಳ್ಳುತ್ತೆ. ಬೀಡು ಕಬ್ಬಿಣಕ್ಕಿಂತ ಹಿತ್ತಾಳೆ ಜಾಸ್ತಿ ಹಿಗ್ಗುತ್ತೆ. ಸಡಿಲ ಇರೋದು ಅದಕ್ಕೆ, ಬತ್ತಿ ಇರೋದೂ ಅದಕ್ಕೆ. ನಿಂದು ಅಳತೆಗೆ ಸರಿ ಇತ್ತು, ತಣ್ಣಗಿದ್ದಾಗ. ಉಗಿ ಬಿಟ್ಟಿದ್ರೆ ಅಷ್ಟು ಜನರ ಮುಂದೆ ನಿಂತೋಗ್ತಿತ್ತು."

ನಾನು ಅಂಥ ಯೋಚನೆ ಮಾಡಿರಲಿಲ್ಲ ಎಂದೆ. ಆ ಒಂದು ಮಾತು ನಿಜವಾಗಿತ್ತು. ನಿಲ್ಲಿಸುವ ಉದ್ದೇಶವೂ ನನಗಿರಲಿಲ್ಲ, ಅದಕ್ಕೆ ಬೇಕಾದ ಬುದ್ಧಿಯೂ ಇರಲಿಲ್ಲ.

ಆಂಟಿ ನಲ್ಲಿ ನಿಲ್ಲಿಸಿದರು. "ಕಳ್ಳ ಬಂದ್ರೆ ಏನಾದ್ರೂ ತಗೊಂಡು ಹೋಗ್ತಾನೆ. ಇಟ್ಟು ಹೋಗೋ ಕಳ್ಳನ್ನ ನಾನು ನೋಡಿದ್ದು ಇದೇ ಮೊದಲು. ಮೂರು ವರ್ಷ ಆಯ್ತಪ್ಪ ನಂಗೆ. ಇಷ್ಟ್ರಲ್ಲಿ ಹೋಗ್ತಿತ್ತು." ಹೆಬ್ಬೆರಳನ್ನು ತೋರುಬೆರಳಿಗೆ ಹತ್ತಿರ ತಂದು ಎಷ್ಟರಲ್ಲಿ ಎಂದು ತೋರಿಸಿದರು. ಆಮೇಲೆ ಕಟ್ಟೆಯ ಮೇಲಿದ್ದ ತಮ್ಮ ಪಿಸ್ಟನ್ ಎತ್ತಿ ಸೆರಗಿನಲ್ಲಿ ಒರೆಸಿದರು.

ಬಾಡಿಗೆ ಏರಿಸಲಿಲ್ಲ, ಮನೆ ಬಿಡು ಎನ್ನಲಿಲ್ಲ, ಗಂಗಾಧರಯ್ಯನವರಿಗೂ ಹೇಳಿದಂತಿಲ್ಲ. ಹಬ್ಬಕ್ಕೆ ಒಬ್ಬಟ್ಟು ಮೇಲಕ್ಕೆ ಬಂದೇ ಬಂತು. ನನ್ನ ಪಿಸ್ಟನ್ ಮಹಡಿಯಲ್ಲಿ ನನ್ನ ಟಿವಿಯ ಪಕ್ಕದಲ್ಲಿದೆ. ಬಂದವರು ಎತ್ತಿ ನೋಡಿ, ಎಷ್ಟು ಚೆನ್ನಾಗಿ ಮಾಡಿದ್ದಾರೆ, ಯಾರದಿದು 1146 ಎಂದು ಕೇಳುತ್ತಾರೆ. ನಾನು ಫೋನಿನ ಕಡೆ ನೋಡುತ್ತೇನೆ.

ಹೋದ ತಿಂಗಳು ಗಂಡ ಹೆಂಡತಿ ಹರಿಹರಕ್ಕೆ ಹೊರಟರು. ಆಟೋ ಬಂದ ಸದ್ದು ಕೇಳಿ ನಾನು ಮೆಟ್ಟಿಲಿಳಿದು, ಕೀಲಿಗೆ ಕೈ ಚಾಚಬಹುದಾದಷ್ಟು ಹತ್ತಿರ ನಿಂತೆ. ಹೋಗಿ ಬರುತ್ತೇವೆ ಉದಯ, ಹುಷಾರು ಎಂದು ಆಂಟಿ ನನ್ನನ್ನು ದಾಟಿ ಗೇಟಿನ ಹೊರಗೆ ಹೋದರು. ದುಂಡಪ್ಪ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು, ಕೈಯನ್ನು ಶರ್ಟಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಕೀಲಿ ಇಸಿದುಕೊಂಡ.

ಆ ಮೂರು ದಿನ ಸಂಜೆ ನಾನು ಮಹಡಿಯ ಕಟಕಟೆಗೆ ಒರಗಿ ನೋಡಿದೆ. ದುಂಡಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದ, ಮೋಟರ್ ಹಾಕುತ್ತಿದ್ದ, ತುಳಸಿಗೆ ನೀರು ಬಿಡುತ್ತಿದ್ದ. ಆಮೇಲೆ ಸ್ವಲ್ಪ ಹೊತ್ತು ಹೊರಗೆ ಬರುತ್ತಿರಲಿಲ್ಲ. ಇಂಜಿನ್ನಿನ ಮುಂದೆ ನಿಂತಿರುತ್ತಾನೆ ಎಂದು ನನಗೆ ಗೊತ್ತು. ಮುಟ್ಟುವುದಿಲ್ಲ ಎಂಬುದೂ ಗೊತ್ತು.

ಅವನ ಮೇಲೆ ನನಗೆ ಈಗ ಎಂಥ ಹೊಟ್ಟೆಕಿಚ್ಚೆಂದರೆ, ಶರ್ಟುಗಳನ್ನು ನಾನೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದೇನೆ.